ಧಣಿಯ ಮಣ್ಣು

ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟರೆ ಬಾಯಕ್ಕನಿಗೆ ನೆಲವೇ ಸಿಗಲಿಲ್ಲ. ಮೊಣಕಾಲುದ್ದ ಕೆಸರು. ಒಲೆ ಹೂತುಹೋಗಿತ್ತು. ನೀರಿನ ಹಂಡೆ ಮಗುಚಿಬಿದ್ದಿತ್ತು. ಗುಡ್ಡದ ಕಡೆಯ ಗೋಡೆ ಕುಸಿದು ಬೋಳು ಗುಡ್ಡ ಕಾಣುತ್ತಿತ್ತು.

"ಏನೇ ಇದು?" ಅಂದಳು ಅತ್ತೆ, ಮಂಚದ ಮೇಲೆ ಕಾಲು ಮಡಚಿಕೊಂಡು.

"ಗುಡ್ಡ ನೆಂಟಸ್ತನಕ್ಕೆ ಬಂದಿದೆ ಅತ್ತೆ. ಕೂರೋಕೆ ಮಣೆ ಕೊಡೋಣ ಅಂದ್ರೆ ಅದೂ ತೇಲಿಹೋಗಿದೆ."

ಬಾಯಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಾಯಿ ಸಂಪಾದಿಸಿಕೊಟ್ಟ ಹೆಸರು. ಗುಡ್ಡದ ಮೇಲೆ ಕೂಲಿ ಮಾಡುವವರೆಲ್ಲ ಬುಡದ ಸಾಲುಮನೆಗಳಲ್ಲಿದ್ದರು. ಮೊದಲು ಗುಡ್ಡದ ತುಂಬ ಮರವಿತ್ತು, ಮರದಡಿ ಹುಲ್ಲಿತ್ತು. ಎಂಥ ಮಳೆ ಹೊಯ್ದರೂ ನೀರು ತಡೆದು ತಡೆದು ಇಳಿದು ತಿಳಿಯಾಗಿ ಬರುತ್ತಿತ್ತು. ಧಣಿ ಮರ ಕಡಿಸಿ ಮಾರಿದ. ಬೇರು ಕೀಳಿಸಿದ. ಹುಲ್ಲು ಕೆತ್ತಿಸಿ, ನೆತ್ತಿಯಿಂದ ಬುಡಕ್ಕೆ ನೇರ ಸಾಲು ಹೊಡೆಸಿ ಆಲೂಗಡ್ಡೆ ಹಾಕಿಸಿದ. ಅಡ್ಡ ಸಾಲು ಹೊಡೆಯೋಣ ಅಂದವರಿಗೆ ಮೇಸ್ತ್ರಿ, "ನೇರ ಹೊಡೆದ್ರೆ ಬೇಗ ಮುಗೀತದೆ" ಅಂದಿದ್ದ. ಮಳೆನೀರಿಗೂ ಅದೇ ಅನುಕೂಲವಾಯಿತು. ಸಾಲು ಹಿಡಿದು, ಮಣ್ಣು ಹೊತ್ತು, ಒಂದೇ ಓಟಕ್ಕೆ ಮನೆಯೊಳಗೆ ಬಂತು.

ಹೆಂಗಸರು ಗುಡ್ಡದ ಮೇಲಿನ ಬಂಗಲೆಗೆ ಹೋಗಿ ನಿಂತರು.

"ಮಳೆ ಸುರಿಸಿದ್ದು ನಾನಾ?" ಅಂದ ಧಣಿ. "ಮಣ್ಣು ತಾನಾಗಿ ಜಾರಿದೆ. ಅದಕ್ಕೂ ನನಗೂ ಏನು ಸಂಬಂಧ?"

ಸಂಬಂಧ ಕಳಚಿತು. ಹೆಂಗಸರು ಕೆಸರನ್ನು ಬಾಚಿ ಹಿತ್ತಲಿಗೆ ಗುಡ್ಡೆ ಹಾಕಿದರು. ಹಳ್ಳದ ದಂಡೆಯ ಕಲ್ಲುನೆಲದ ಮೇಲೂ ಕರಿಮಣ್ಣು ಬಂದು ಕೂತಿತ್ತು. ಅಲ್ಲಿ ಕುಂಬಳದ ಬೀಜ ಊರಿದರು. ಬಳ್ಳಿ ಹಬ್ಬಿತು, ಕಾಯಿ ದಪ್ಪಗಾದವು. ಮೇಲೆ ಗುಡ್ಡದಲ್ಲಿ ಬರೀ ಜಲ್ಲಿ ಉಳಿದು, ಆಲೂಗಡ್ಡೆ ಗೋಲಿಯಷ್ಟಕ್ಕೇ ನಿಂತಿತು.

ಆಗ ಧಣಿಯ ಜೀಪು ಕೆಳಗಿಳಿಯಿತು. ಪಕ್ಕದಲ್ಲಿ ತಾಲ್ಲೂಕು ಕಚೇರಿಯ ಸಾಹೇಬರು.

"ನೋಡಿ ಸಾಹೇಬ್ರೇ, ಇದೆಲ್ಲ ನನ್ನ ಮಣ್ಣು."

ಸಾಹೇಬರು ತಲೆದೂಗಿದರು. "ಬಳ್ಳಿ ಕಿತ್ತು, ಮಣ್ಣನ್ನ ಮೇಲಕ್ಕೆ ಹೊತ್ತು ಹಾಕಿ. ಧಣಿಗಳ ಸ್ವತ್ತು ಅದು."

"ಸ್ವಲ್ಪ ಜೋರಾಗಿ ಹೇಳಿ ಸಾಹೇಬ್ರೇ. ನಮ್ಮತ್ತೆಗೆ ಕಿವಿ ಮಂದ" ಅಂದಳು ಬಾಯಕ್ಕ.

"ಮಣ್ಣು ಧಣಿಗಳದ್ದು!"

"ಹಂಗಾದ್ರೆ ನನ್ನ ಗೋಡೆ ಕೆಡವಿದ ಮಣ್ಣೂ ಧಣಿಗಳದ್ದೇ ಅಂತಾಯ್ತು."

ಸಾಹೇಬರು ಕೆಮ್ಮಿದರು. "ಅದು ಬೇರೆ ವಿಷಯ."

"ಬೇರೇನೇ. ಗೋಡೆ ಬಿದ್ದಾಗ ಮಳೇದು, ಕುಂಬಳ ಬಿಟ್ಟಾಗ ಧಣೀದು."

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಕಿವಿ ಮಂದ ಅನ್ನಿಸಿಕೊಂಡ ಅತ್ತೆಯೇ ಎಲ್ಲರಿಗಿಂತ ಮೊದಲು ನಕ್ಕಿದ್ದಳು.

"ಬಾಯಿ ಮುಚ್ಕೊಂಡು ಹೊರಿ" ಅಂದ ಧಣಿ. ಬುಟ್ಟಿ ತಂದಿಟ್ಟ ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ. ಅವನ ಮನೆಯೂ ಅದೇ ಸಾಲಿನಲ್ಲಿತ್ತು.

ಹೊತ್ತರು. ಎಳೆಗಾಯಿ ಇದ್ದ ಬಳ್ಳಿ ಕಿತ್ತು ಬಾಯಕ್ಕ ಬುಟ್ಟಿ ತುಂಬಿದಳು. ಮೇಲೆ ಹೋಗಿ ಮೊದಲ ಬುಟ್ಟಿ ಸುರಿದಳು. ಜಡಿಮಳೆ ಹಿಡಿದಿತ್ತು. ಹಿಡಿಯಲು ಬೇರಿಲ್ಲ, ತಡೆಯಲು ಹುಲ್ಲಿಲ್ಲ. ಸುರಿದ ಮಣ್ಣು ಅವಳ ಕಾಲ ಸಂದಿನಿಂದಲೇ ಕೆಳಗೆ ಹೊರಟಿತು. ಅವಳು ಸುತ್ತ ನೋಡಿದಳು. ಇಡೀ ಗುಡ್ಡದಲ್ಲಿ ಮಣ್ಣು ನಿಲ್ಲುವಂಥ ಸಮತಟ್ಟು ಜಾಗ ಒಂದೇ ಇತ್ತು.

ಧಣಿ ಮತ್ತು ಸಾಹೇಬರು ಬಂಗಲೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಬಾಯಕ್ಕ ಬಂದು ಎರಡನೇ ಬುಟ್ಟಿಯನ್ನು ಅಲ್ಲಿ ಸುರಿದಳು. ಹಿತ್ತಲ ಗುಡ್ಡೆಯ ಮಣ್ಣು, ಅವಳ ಗೋಡೆಯ ಇಟ್ಟಿಗೆ ಚೂರು ಸಮೇತ. ಅವಳ ಹಿಂದೆ ಅತ್ತೆ. ಅತ್ತೆಯ ಹಿಂದೆ ಇಡೀ ಸಾಲು.

"ಇಲ್ಯಾಕೆ ಸುರೀತೀರಿ?" ಧಣಿ ಎದ್ದು ನಿಂತ.

"ಅಲ್ಲಿ ಸುರಿದ್ರೆ ಮತ್ತೆ ನಮ್ಮನೆಗೇ ಓಡಿಬರ್ತದೆ ಧಣಿ. ಕಳ್ಳರು ಅನ್ನಿಸ್ಕೊಳ್ಳೋದು ಯಾಕೆ? ನಿಮ್ಮ ಮಣ್ಣು ನಿಮ್ಮ ಕಣ್ಣೆದುರೇ ಇರ್ಲಿ."

ಸಾಹೇಬರು ಬೂಟುಗಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು.

"ಮೇಸ್ತ್ರಿ, ಇದನ್ನ ಎತ್ತಿ ಆಚೆ ಹಾಕು" ಅಂದ ಧಣಿ.

ಮೇಸ್ತ್ರಿ ಗುದ್ದಲಿ ಹಿಡಿದು ಬಂದ. ಮಣ್ಣು ನೋಡಿದ. ಬೋಳು ಗುಡ್ಡ ನೋಡಿದ. ಕೆಳಗೆ ಮಳೆಯಲ್ಲಿ ನಿಂತ ತನ್ನ ಮನೆ ನೋಡಿದ.

"ಎಲ್ಲಿ ಹಾಕ್ಲಿ ಧಣಿ?"

ಮೇಸ್ತ್ರಿ ಗುದ್ದಲಿಯನ್ನು ಗೋಡೆಗೆ ಒರಗಿಸಿ, ಖಾಲಿ ಬುಟ್ಟಿಯೊಂದನ್ನು ಎತ್ತಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತ.