ಬಾಣಂತನಕ್ಕೆ ಹೊರಟ ಲ್ಯಾಪ್‌ಟಾಪು

ಯಲಿಯೂರಿನ ಮಂಜುಶ್ರೀಯ ತಂಗಿ ಶಶಿರೇಖಾ ಮಾರಿಷಸ್‌ನಲ್ಲಿ ಗಂಡನ ಜೊತೆ ಇದ್ದಾಳೆ. ಎಂಟು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು, ಆದರೆ ವಿಮಾನ ಹತ್ತಬೇಡ ಎಂದುಬಿಟ್ಟರು ಡಾಕ್ಟರು. ತಾಯಿಯಿಲ್ಲದ ಹೆಣ್ಣುಮಕ್ಕಳು. ಫೋನು ಮಾಡಿದಾಗಲೆಲ್ಲ ತಂಗಿಯದು ಒಂದೇ ಮಾತು.

"ಮಗೀಗೆ ನೀನೇ ನೀರುಯ್ಯಬೇಕು ಕಣಕ್ಕ."

ಮಂಜುಶ್ರೀಗೂ ಜೀವವೆಲ್ಲ ಅಲ್ಲೇ. ಆದರೆ ಅವಳು ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುವವಳು. ನಾಲ್ಕು ತಿಂಗಳು ರಜೆ ಯಾರು ಕೊಡುತ್ತಾರೆ? ಲ್ಯಾಪ್‌ಟಾಪು ಅಲ್ಲಿಗೇ ಒಯ್ದರಾಯಿತು ಅಂದುಕೊಂಡಳು. ಪ್ರವಾಸಿಗರಿಗೆ ವಿಮಾನ ಇಳಿದ ಕೂಡಲೇ ಆ ದೇಶ ವೀಸಾ ಕೊಡುತ್ತದಂತೆ. ಸಾಕಿದ ಅಜ್ಜಿ ಮುದ್ದಮ್ಮನಿಗೂ ಅದೇ ಸರಿ ಕಂಡಿತು.

ಮದ್ದೂರಿನಲ್ಲಿ ಪಾಸ್‌ಪೋರ್ಟು, ವೀಸಾ ಅರ್ಜಿ ತುಂಬಿಕೊಡುವ ಗೆಳತಿ ದೀಪಿಕ ಮನೆಗೆ ಬಂದವಳು, ಸೂಟ್‌ಕೇಸಿನಲ್ಲಿ ಮೂರು ಸುತ್ತು ಬಟ್ಟೆ ಸುತ್ತಿದ ಹರಳೆಣ್ಣೆ ಬಾಟಲಿ ನೋಡಿ ನಕ್ಕಳು. ಪಕ್ಕದಲ್ಲಿದ್ದ ಲ್ಯಾಪ್‌ಟಾಪು ನೋಡಿ ನಗು ನಿಲ್ಲಿಸಿದಳು. ಹೀಗೆ ಹೋಗಬಾರದು ಎಂದಳು.

"ಬಾಣಂತನ ಮಾಡಕ್ಕೂ ಸರ್ಕಾರನ ಕೇಳ್ಬೇಕೇನವ್ವ?" ಎಂದಳು ಮುದ್ದಮ್ಮ.

"ಬಾಣಂತನಕ್ಕಲ್ಲ ಕಣಜ್ಜಿ, ಸಂಬಳದ ಕೆಲ್ಸಕ್ಕೆ. ಪ್ರವಾಸದ ವೀಸಾದಲ್ಲಿ ಕದ್ದು ಕೆಲ್ಸ ಮಾಡಿ ಸಿಕ್ಕಾಕೊಂಡ್ರೆ ವಾಪಸ್ ಅಟ್ತಾರೆ. ಆಮೇಲೆ ತಂಗಿ ಮೊಕ ನೋಡಕ್ಕೂ ಬುಡದೆ ಓಗ್ಬೋದು."

ಆಮೇಲೆ ದೀಪಿಕ ನಿಧಾನವಾಗಿ ಬಿಡಿಸಿ ಹೇಳಿದಳು. ತಮ್ಮ ದೇಶದ ಕಂಪನಿಗೆ ದೂರದಿಂದಲೇ ಕೆಲಸ ಮಾಡುವವರಿಗೆಂದು ಕೆಲವು ದೇಶಗಳು ಬೇರೆಯೇ ವೀಸಾ ಇಟ್ಟಿವೆ. ಮಾರಿಷಸ್‌ನಲ್ಲೂ ಉಂಟು. ಆ ದೇಶ ಹೇಳಿದಷ್ಟು ಆದಾಯದ ದಾಖಲೆ, ಆರೋಗ್ಯ ವಿಮೆ, ಕೆಲಸದ ಪತ್ರ ಬೇಕು. ಕಂಪನಿಯೂ ಒಪ್ಪಬೇಕು, ತೆರಿಗೆಯ ವಿಚಾರವನ್ನೂ ಕೇಳಿಕೊಳ್ಳಬೇಕು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಮುದ್ದಮ್ಮ ಗದರಿದಳು. ಕೇಳಿದವರು ಯಾರು? ಸೀಮಂತ ಮುಗಿಯುವವರೆಗೆ ಬಾಣಂತನದ ಮಾತೆತ್ತಿದರೆ ದೃಷ್ಟಿಯಾಗುತ್ತದೆ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದವಳು ಅವಳೇ.

ಕಂಪನಿ ಒಪ್ಪಿತು. ಆದರೆ ಅದರ ಪತ್ರ ಬಂದು ಅರ್ಜಿ ಹೋಗುವುದು ತಡವಾಯಿತು. ಅಷ್ಟರಲ್ಲಿ ಮಗು ಹುಟ್ಟಿಬಿಟ್ಟಿತು, ಹೆಣ್ಣು. ಫೋನಿನಲ್ಲಿ ಅದರ ಮುಖ ನೋಡಿದ ಮಂಜುಶ್ರೀ ಹಿತ್ತಲಿಗೆ ಹೋಗಿ ಅತ್ತಳು. ಕದ್ದಾದರೂ ಹೋಗಿದ್ದರೆ ಈಗ ಅಲ್ಲಿರುತ್ತಿದ್ದೆ ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ.

ಮಗು ಹುಟ್ಟಿದ ಹತ್ತೊಂಬತ್ತನೇ ದಿನ ವೀಸಾ ಬಂತು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಏನು ಕೆಲಸ ಎಂದು ಕೇಳಿದರು. ಮಂಜುಶ್ರೀ ಇದ್ದದ್ದು ಇದ್ದಹಾಗೆ ಹೇಳಿ ಕಾಗದ ತೋರಿಸಿದಳು. ಅವರು ಮುದ್ರೆ ಒತ್ತಿ ಒಳಗೆ ಬಿಟ್ಟರು.

ಇಪ್ಪತ್ತಮೂರನೇ ದಿನ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರುಯ್ದಳು. ಶಶಿರೇಖಾ ಬಾಗಿಲಲ್ಲೇ ನಿಂತು ನೋಡಿದಳು.

"ಅವ್ವನ ಕೈ ಇದ್ದಂಗೇ ಅದೆ ಕಣಕ್ಕ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಹೊರದೇಶದಲ್ಲಿರುವ ನಿಮ್ಮವರ ಬಳಿ ಕೆಲವು ತಿಂಗಳಿದ್ದು ಅಲ್ಲಿಂದಲೇ ಕೆಲಸ ಮಾಡುವ ಆಸೆಯಿದ್ದರೆ, ಯಾರೋ ಹೇಳಿದರೆಂದು ಹೊರಡಬೇಡಿ. ನಿಯಮ ದೇಶಕ್ಕೊಂದು, ಬದಲಾಗುತ್ತಲೂ ಇರುತ್ತದೆ. ಆ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ, ರಾಯಭಾರ ಕಚೇರಿಯನ್ನು ಕೇಳಿ. ಶಾಸ್ತ್ರ ಮುಗಿಯಲಿ ಎಂದು ಕಾಯದೆ ಇವತ್ತೇ ಕೇಳಿ. ಮಂಜುಶ್ರೀಗೆ ಕೈತಪ್ಪಿದ ಆ ಇಪ್ಪತ್ತೆರಡು ದಿನ ನಿಮ್ಮ ಕೈತಪ್ಪದಿರಲಿ.