ಉಪ್ಪುನೀರಿನ ಹದ

ಪಕ್ಕದ ಮನೆಯ ಸಾವಿತ್ರಿಬಾಯಿ ಡಬ್ಬಿಯಲ್ಲಿ ತಂದ ಉಪ್ಪುನೀರಿಗೆ ಬೆರಳದ್ದಿ ನಾಲಿಗೆಗಿಟ್ಟು, ಲೋಕಮ್ಮ ಕಣ್ಣು ಮುಚ್ಚಿದಳು.

"ಹೇಳ್ರೀ ಲೋಕಮ್ಮಾರೇ, ಹದ ಬಂದೈತಾ? ನಿಮ್ಮ ನಾಲಿಗೆ ನಂಬ್ಕಂಡು ಐನೂರು ಮಿಡಿ ತರಿಸೀನಿ."

ಶಿಕಾರಿಪುರದ ಆ ಓಣಿಯಲ್ಲಿ ಲೋಕಮ್ಮ ಹೂಂ ಅನ್ನದೆ ಯಾರೂ ಮಿಡಿಮಾವಿನ ಭರಣಿಗೆ ಉಪ್ಪುನೀರು ಸುರಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಅವಳ ಬಾಯಿರುಚಿಯನ್ನೇ ಒಯ್ದಿತ್ತು. ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ತನ್ನದೇ ಭರಣಿಗೆ ಬೂಸ್ಟು ಹಿಡಿದಾಗ ಮಿಡಿಯನ್ನು ಬೈದು ತಿಪ್ಪೆಗೆ ಸುರಿದಿದ್ದಳು. ಈಗಲೂ ನಾಲಿಗೆಯ ಮೇಲೆ ಬರೀ ತಂಪು.

ಸೊಸೆ ನಯನ ತೊಳೆದ ಆಲೂಗಡ್ಡೆ ಹಿಡಿದು ಬಂದಳು. ಅವಳು ಶಾಲೆಯಲ್ಲಿ ವಿಜ್ಞಾನದ ಟೀಚರು. "ಅತ್ತೆ, ಒಂದ್ನಿಮಿಷ. ನಾಳೆ ಮಕ್ಕಳಿಗೆ ಸಮುದ್ರದ ಪಾಠ ಉಂಟು. ಇದನ್ನ ಬಿಟ್ಟು ನೋಡ್ಲಾ? ಉಪ್ಪು ಸಾಕಷ್ಟಿದ್ರೆ ತೇಲ್ತದೆ, ಇಲ್ಲಾಂದ್ರೆ ಮುಳುಗ್ತದೆ."

"ನಿನ್ ಪಾಠಕ್ಕೆ ನನ್ ಡಬ್ಬೀನೇ ಬೇಕಾ?" ಸಾವಿತ್ರಿಬಾಯಿ ನಕ್ಕಳು.

ಆಲೂಗಡ್ಡೆ ನೆಟ್ಟಗೆ ತಳಕ್ಕಿಳಿಯಿತು.

ಲೋಕಮ್ಮ ಸೊಸೆಯ ಮುಖ ನೋಡಿದಳು. ಸೊಸೆ ಡಬ್ಬಿಯನ್ನೇ ನೋಡುತ್ತಿದ್ದಳು.

"ಉಪ್ಪು ಸಾಲ್ದು ಸಾವಿತ್ರಿ. ಇನ್ನೂ ಹಾಕಿ ಕುದಿಸು. ಆರಿದ ಮೇಲೆ ತಗಂಬಾ."

"ನಂಗೂ ಅನುಮಾನ ಇತ್ತು. ನಿಮ್ಮ ನಾಲಿಗೆ ಅಂದ್ರೆ ನಾಲಿಗೆ ಬಿಡ್ರಿ!" ಸಾವಿತ್ರಿಬಾಯಿ ಡಬ್ಬಿ ಎತ್ತಿಕೊಂಡು ಹೋದಳು.

ಲೋಕಮ್ಮ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ನಾಳೆ ಭಾನುವಾರ ಅಲ್ಲೇನೇ?"

ನಯನ ತಲೆ ತಗ್ಗಿಸಿದಳು.

"ಯಾವಾಗಿಂದ ಗೊತ್ತು?"

"ಸೋಮವಾರ ಮರೆತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಇವರು ತಟ್ಟೆ ದೂಡಿದ್ರು. ನೀವು ಚೆನ್ನಾಗೈತೆ ಅಂತ ಇನ್ನೊಂದ್ಸಲ ಹಾಕಿಸ್ಕೊಂಡ್ರಿ."

ಲೋಕಮ್ಮನಿಗೆ ನಗು ಬಂತು. ಸೆರಗು ಸಿಕ್ಕಿಸಿಕೊಂಡು ಕೇಳಿದಳು: "ಅಲ್ಲ, ಹೊಳೆ ನೀರೆಲ್ಲ ಸಿಹಿ. ಸಮುದ್ರಕ್ಕೆ ಉಪ್ಪು ಎಲ್ಲಿಂದ ಬಂತು?"

"ಹೊಳೇಲೂ ಇರ್ತದೆ ಅತ್ತೆ, ನಾಲಿಗೆಗೆ ತಿಳಿಯದಷ್ಟು. ನೀರು ಕಾಯಿಸೋ ಹಂಡೇಲಿ ಬೆಳ್ಳಗೆ ಕಟ್ತದಲ್ಲ, ಹಂಗೆ. ಮಳೆನೀರು ಕಲ್ಲು ಸವೆಸಿ ಚೂರುಚೂರೇ ತಗೊಂಡು ಹೋಗ್ತದೆ. ನಮ್ಮ ಕುಮುದ್ವತಿ ಹೊಳೆನೂ ಒಯ್ತದೆ. ಬಿಸಿಲು ನೀರನ್ನಷ್ಟೇ ಮೇಲಕ್ಕೆ ಎತ್ಕೊಳ್ತದೆ. ಉಪ್ಪು ಅಲ್ಲೇ ಉಳೀತದೆ."

"ಒಂದು ದಿನಕ್ಕೆ ಆಗಿದ್ದಲ್ಲ ಅನ್ನು."

"ಕೋಟಿಗಟ್ಟಲೆ ವರ್ಷ."

ಲೋಕಮ್ಮ ಎದ್ದು, ಮೂಲೆಯಲ್ಲಿ ಬಟ್ಟೆ ಮುಚ್ಚಿ ಆರಲಿಟ್ಟಿದ್ದ ತನ್ನ ಪಾತ್ರೆಯ ಬಳಿ ಹೋದಳು. ಬೆರಳು ತೊಳೆದು ಉಪ್ಪುನೀರಿಗೆ ಅದ್ದಿದಳು. ಸೊಸೆಯ ಹತ್ತಿರ ಆಲೂಗಡ್ಡೆ ಕೇಳಲಿಲ್ಲ. ಬೆರಳನ್ನು ಸೊಸೆಯ ತುಟಿಗೆ ಹಿಡಿದಳು.

"ನಂದು ಹೆಂಗೈತೆ, ಹೇಳು."

ಉಪ್ಪಿನ ಹೊಡೆತಕ್ಕೆ ನಯನಳ ಒಂದು ಕಣ್ಣು ಗಪ್ಪನೆ ಮುಚ್ಚಿಕೊಂಡಿತು, ಭುಜಗಳು ಕಿವಿಯವರೆಗೆ ಏರಿದವು. ಲೋಕಮ್ಮ ಆ ಮುಖವನ್ನೇ ನೋಡುತ್ತ, ತನ್ನ ತುಟಿಯನ್ನು ಒಮ್ಮೆ ನಾಲಿಗೆಯಿಂದ ಸವರಿಕೊಂಡಳು.