ಎರಡು ಮೋಟರಿಗೆ ಒಂದೇ 'ಚಾಲೂ'

ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಎದುರು ಮಹಡಿಯ ಮೇಲೆ ನಾನು ಕಂಪ್ಯೂಟರ್ ಕಲಿಸುತ್ತೇನೆ. ಬೈಯದೆ ಪಾಠ ಹೇಳುವುದು ನನಗೆ ಬರುವುದಿಲ್ಲ. 'ನಿರ್ಮಲಾ ಮೇಡಂ ಬಾಯಿ ಕೆಟ್ಟದ್ದು' ಅಂತ ಹುಡುಗರು ಆಡಿಕೊಳ್ಳುವುದೂ ಗೊತ್ತು, ಆಡಿಕೊಳ್ಳಲಿ. ಅವತ್ತೂ ಬೈಯಲೆಂದೇ ರಶ್ಮಿತಾಳ ಪಕ್ಕ ಹೋಗಿ ನಿಂತೆ.

ರಶ್ಮಿತಾ ಬಿ.ಜಿ. ಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಫೋನಿನಿಂದಲೇ ಬೋರಿನ ಮೋಟರ್ ಆನ್ ಮಾಡುವ ಪ್ರೋಗ್ರಾಮ್ ಬರೆದು ಮನೆಗೆ ಹಾಕಿದ್ದಳು.

"ನಿನ್ನೆ ಮೇವು ಕತ್ತರಿಸೋ ಮಷಿನ್ನೂ ಸೇರಿಸ್ದೆ ಮೇಡಂ. ಅಪ್ಪಂಗೆ ಎಷ್ಟು ಖುಷಿ ಅಂತೀರಿ! ಪ್ಲಗ್ ಕೀಳೋದೇ ಬಿಟ್ಬಿಟ್ಟೈತೆ."

"ಬೀಗಿದ್ದು ಸಾಕು, ತೋರಿಸು."

ನೋಡಿದೆ. ಪ್ರೋಗ್ರಾಮಿನಲ್ಲಿ ಬೋರಿನ ಮೋಟರ್ ಒಂದು ಆಬ್ಜೆಕ್ಟ್, ಮೇವಿನ ಮಷಿನ್ ಇನ್ನೊಂದು. ತಾನು ಆನೋ ಆಫೋ ಎನ್ನುವುದನ್ನು ಪ್ರತಿ ಆಬ್ಜೆಕ್ಟೂ ತನ್ನೊಳಗೇ ಇಟ್ಟುಕೊಳ್ಳಬೇಕು. ಇವಳು ಅದನ್ನು ಹೊರಗೆ, ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಇಟ್ಟಿದ್ದಳು. 'ಚಾಲೂ' ಎಂಬ ಒಂದೇ ಗ್ಲೋಬಲ್ ವೇರಿಯಬಲ್, ಎಲ್ಲಕ್ಕೂ ಸೇರಿ ಒಂದೇ ಗುರುತು. ಎರಡೂ ಅದನ್ನೇ ನೋಡುತ್ತಿದ್ದವು. ಒಂದನ್ನು ಆನ್ ಮಾಡಿದರೆ ಇನ್ನೊಂದೂ ಆನ್ ಆಗುತ್ತಿತ್ತು.

"ಏ ಹುಡುಗಿ, ತಲೇಲಿ ಏನ್ ತುಂಬ್ಕೊಂಡಿದೀಯ? ಟೆಸ್ಟ್ ಮಾಡ್ಲಿಲ್ವಾ?"

"ಮಾಡ್ದೆ ಮೇಡಂ. ಆವಾಗ ತ್ರೀ ಫೇಸ್ ಕರೆಂಟ್ ಇರ್ಲಿಲ್ಲ, ಬೋರ್ ಓಡ್ಲಿಲ್ಲ. ಮೇವಿನ ಮಷಿನ್ ಮನೆ ಕರೆಂಟಲ್ಲೇ ಓಡ್ತೈತೆ. ಅದೊಂದೇ ಓಡ್ತಲ್ಲ, ಎಲ್ಲಾ ಸರಿ ಐತೆ ಅಂದ್ಕೊಂಡೆ."

ಅವಳ ಫೋನಿಗೆ ಅಪ್ಪ ಸೂರಪ್ಪನ ವಾಯ್ಸ್ ಮೆಸೇಜ್ ಬಂತು. ನನಗೂ ಕೇಳಲೆಂದು ಜೋರಾಗಿ ಹಾಕಿದಳು. "ಮಷಿನ್ನಾಗೆ ದಂಟು ಸಿಕ್ಕಾಕ್ಕೊಂಡೈತೆ ಕಣವ್ವ. ಫೋನಲ್ಲೇ ಆಫ್ ಮಾಡೀನಿ. ಕೈ ಹಾಕಿ ಕೀಳ್ತೀನಿ."

"ನಿಮ್ಮೂರಿಗೆ ತ್ರೀ ಫೇಸ್ ಎಷ್ಟೊತ್ತಿಗೆ ಬರ್ತದೆ?"

"ಹನ್ನೆರಡಕ್ಕೆ. ಬರ್ತಿದ್ದಂಗೆ ಅವ್ವ ಹೊಲದಿಂದ್ಲೇ ಬೋರ್ ಆನ್..."

ಇಬ್ಬರೂ ಗಡಿಯಾರ ನೋಡಿದೆವು. ಹನ್ನೆರಡಕ್ಕೆ ಎರಡು ನಿಮಿಷ ಇತ್ತು.

"ಫೋನ್ ಮಾಡೇ!"

ಅವ್ವನ ನಂಬರ್ ಬಿಜಿ. ಅಪ್ಪನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಅವಳು ಮತ್ತೆ ಒತ್ತಿದಳು. ಮನೆಯ ಮೋಟರುಗಳು ಅವಳ ಕಂಪ್ಯೂಟರಿಗೂ ನೆಟ್ಟಿನಲ್ಲಿ ಜೋಡಣೆಯಾಗಿದ್ದವು; ನಾನು ಅದರಲ್ಲಿ ಆಫ್ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಏನು ಪ್ರಯೋಜನ? ಹೊಲದಲ್ಲಿ ಅವಳ ಅವ್ವ ನಿಂಗಕ್ಕ ಒಂದು ಸಲ ಬೆರಳಿಟ್ಟರೆ ಮುಗಿಯಿತು.

ಆಗ ಆ ಮೊದಲ ಸಾಲಿನ ಪಕ್ಕದ ಟಿಪ್ಪಣಿ ಕಣ್ಣಿಗೆ ಬಿತ್ತು. 'ಸದ್ಯಕ್ಕೆ ಸುಲಭವಾಗಲಿ ಅಂತ ಎಲ್ಲಕ್ಕೂ ಒಂದೇ.' ಥೂ! ಅದು ನನ್ನ ಮಾತು. ಮೊದಲ ವಾರ ಬೋರ್ಡಿನ ಮೇಲೆ ನಾನೇ ಬರೆದದ್ದು. ಬಿಡಿಸಿ ಹೇಳಲು ಸೋಮಾರಿತನ, ಮುಂದೆ ಸರಿಮಾಡಿದರಾಯಿತು ಅಂದುಕೊಂಡಿದ್ದೆ. ಮುಂದೆ ಮರೆತೇಬಿಟ್ಟೆ. ಇಷ್ಟು ಹೊತ್ತು ನಾನು ಆ ಹುಡುಗಿಯನ್ನು ಬೈದದ್ದು ನನ್ನದೇ ತಪ್ಪಿಗೆ.

"ಎತ್ತಪ್ಪಾ, ಎತ್ತು," ಎಂದು ರಶ್ಮಿತಾ ಅಳುತ್ತಿದ್ದಳು.

ನಾಲ್ಕನೆಯ ಸಲಕ್ಕೆ ಸೂರಪ್ಪ ಎತ್ತಿದ. "ಏನವ್ವಾ ನಿಂದು, ಬಿಡದಂಗೆ ಹೊಡ್ಕೊಂತಾ ಐತೆ ಫೋನು. ದಂಟು ಇನ್ನೇನ್ ಬರ್ತಿತ್ತು, ಕೈ ತೆಗೀಬೇಕಾ..."

ಪರದೆಯ ಮೇಲೆ 'ಚಾಲೂ' ಆನ್ ಆಯಿತು. ಫೋನಿನೊಳಗೆ ಮಷಿನ್ ಅಬ್ಬರಿಸಿತು. ಸೂರಪ್ಪನ ದನಿ ನಿಂತುಹೋಯಿತು.

"ಅಪ್ಪಾ! ಅಪ್ಪಾ, ಕೈ?"

ಮಷಿನ್ ಓಡುತ್ತಲೇ ಇತ್ತು. ನಾನು ಆಫ್ ಒತ್ತುವಷ್ಟರಲ್ಲಿ ಸದ್ದು ಇಳಿಯಿತು.

"ಐತವ್ವಾ," ಎಂದ. "ಪ್ಲಗ್ ಕಿತ್ತೆ. ಬ್ಲೇಡ್ ಹತ್ರಾನೇ ಇತ್ತು ಕೈ, ಫೋನ್ ಎತ್ತಾಕೆ ತೆಗ್ದಿದ್ದೆ... ದಂಟು ಪುಡಿಪುಡಿ ಆಗೋಯ್ತು. ನೀನು ಏನೋ ತಪ್ಪು ಬರ್ದಿದೀಯ ಮಗಾ."

ಅವಳ ಕೈಯಿಂದ ಫೋನ್ ಕಸಿದುಕೊಂಡೆ. "ಸೂರಪ್ಪನೋರೆ, ನಾನು ನಿರ್ಮಲಾ, ಅವಳ ಮೇಡಂ. ತಪ್ಪು ಅವಳದ್ದಲ್ಲ. ನಾನೇ ಹಾಗೆ ಕಲಿಸಿದ್ದು."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮೇಡಂನೋರೆ, ಇದನ್ನ ಇನ್ನೂ ಎಷ್ಟು ಜನಕ್ಕೆ ಕಲ್ಸೀರಿ?"

"ಮೂರು ಬ್ಯಾಚ್," ಎಂದೆ.

"ಹಂಗಾರೆ ನನ್ ಜೊತೆ ಏನ್ ಮಾತು? ಫೋನ್ ಇಡ್ರಿ, ಅವ್ರಿಗ್ ಮಾಡ್ರಿ."